ಕಣ್ಣು ತಿರುಗಬೇಕಾದರೆ ಕೀಲು ಗೊತ್ತಿರಬೇಕು

ನಮ್ಮ ಕಾಲೇಜಿನ ಕನ್ನಡ ಹಬ್ಬಕ್ಕೆ ಒಂದು ಆನೆ ತಲೆ ಮಾಡೋಣ ಅಂತ ಐಡಿಯಾ ಕೊಟ್ಟವರು ನಾವೇ. ಸುಮ್ಮನೆ ಥರ್ಮಾಕೋಲ್ ಆನೆ ಅಲ್ಲ, ಕಣ್ಣು ಆಡಿಸುವ ಆನೆ. ಎದುರಿಗೆ ಬಂದವರ ಕಡೆ ನೋಡಬೇಕು, ರೆಪ್ಪೆ ಬಡಿಯಬೇಕು, ಮಕ್ಕಳು ಒಂದು ಹೆಜ್ಜೆ ಹಿಂದೆ ಸರಿಯಬೇಕು. ನಾವು ನಾಲ್ಕು ಜನ: ಇಬ್ಬರು ಮೆಕ್ಯಾನಿಕಲ್, ಒಬ್ಬಳು ಇಸಿ, ಒಬ್ಬ ಸಿಎಸ್. ಕೈಯಲ್ಲಿದ್ದದ್ದು ಮೂರು ವಾರ, ಕಾಲೇಜಿನ ಒಂದು ತ್ರೀಡಿ ಪ್ರಿಂಟರ್, ಮತ್ತು ಬೇಕಾದಷ್ಟು ಧೈರ್ಯ.

ಐಡಿಯಾ ಆಕಾಶದಿಂದ ಬಿದ್ದದ್ದೇನಲ್ಲ. 2023ರ ಫೆಬ್ರವರಿಯಲ್ಲಿ ಕೇರಳದ ತ್ರಿಶೂರ್ ಜಿಲ್ಲೆಯ ಇರಿಂಜಾಡಪಿಳ್ಳಿ ಶ್ರೀಕೃಷ್ಣ ದೇವಸ್ಥಾನಕ್ಕೆ ಯಂತ್ರದ ಆನೆ ಬಂತಲ್ಲ, ಆ ಸುದ್ದಿ ನಿಮಗೂ ನೆನಪಿರಬಹುದು. ಆಮೇಲೆ ನಮ್ಮ ಮೈಸೂರು ಕಡೆಯ ಸುತ್ತೂರು ಮಠಕ್ಕೂ ‘ಶಿವ’ ಅನ್ನೋ ಹೆಸರಿನ ಅಂಥದೇ ಆನೆ ಬಂತು. ಸುಮಾರು 3 ಮೀಟರ್ ಎತ್ತರ, 800 ಕಿಲೋ ತೂಕ, ಒಳಗೆ ಉಕ್ಕು, ಮೇಲೆ ರಬ್ಬರ್, ಫೈಬರ್, ಫೋಮ್. ಮೋಟರುಗಳ ಮೇಲೆ ನಡೆಯುವ ಈ ಆನೆಗಳು ಕಿವಿ ಬೀಸುತ್ತವೆ, ಸೊಂಡಿಲು ಎತ್ತುತ್ತವೆ, ಬಾಲ ಆಡಿಸುತ್ತವೆ, ಕಣ್ಣೂ ಆಡಿಸುತ್ತವೆ. ವಿಡಿಯೋ ನೋಡಿದಾಗ ನಮಗೆ ಒಂದು ವಿಷಯ ಹೊಳೆಯಿತು. ಸೊಂಡಿಲು ಎಷ್ಟೇ ಚೆನ್ನಾಗಿ ಎತ್ತಲಿ, ನಾವು ನೋಡೋದು ಮಾತ್ರ ಕಣ್ಣನ್ನು. ಕಣ್ಣು ಸರಿಯಾಗಿ ಆಡಿದರೆ ಅದು ಆನೆ, ಇಲ್ಲದಿದ್ದರೆ ಬರೀ ಗೊಂಬೆ.

ಸರಿ, ಕಣ್ಣು ಮಾಡೋದು ಹೇಗೆ? ನಮ್ಮ ತಲೆಮಾರಿನವರು ಏನು ಮಾಡ್ತಾರೋ ನಾವೂ ಅದನ್ನೇ ಮಾಡಿದ್ವಿ. ಇಂಟರ್ನೆಟ್ಟಿನಲ್ಲಿ ಒಂದು ಚೆಂದದ ಅನಿಮ್ಯಾಟ್ರಾನಿಕ್ ಕಣ್ಣಿನ ಫೈಲ್ ಸಿಕ್ಕಿತು, ಇಳಿಸಿಕೊಂಡ್ವಿ. ಅದು ಮನುಷ್ಯರ ಮುಖಕ್ಕೆ ಮಾಡಿದ್ದು, ಎರಡು ಕಣ್ಣು ಪಕ್ಕಪಕ್ಕದಲ್ಲಿ. ಆನೆಗೆ ಕಣ್ಣು ತಲೆಯ ಎರಡು ಬದಿಗಿರೋದರಿಂದ ಡಿಸೈನನ್ನು ಮಧ್ಯಕ್ಕೆ ಕತ್ತರಿಸಿ ಎರಡು ಮಾಡಿದ್ವಿ. ಬೇಕಾದ ಸಾಮಾನಿನ ಪಟ್ಟಿಯಲ್ಲಿ ‘ಬಾಲ್ ಲಿಂಕ್’ ಅಂತ ಇತ್ತು. ಅದು ಯಾಕೆ, ಎರಡೂ ತುದಿಗೆ ತೂತು ಇದೆಯಲ್ಲ, ಎಂ3 ಬೋಲ್ಟು ಹಾಕಿದರೆ ಆಯ್ತು ಅಂದುಕೊಂಡ್ವಿ. ದುಡ್ಡೂ ಉಳಿಯಿತು ಅಂತ ಖುಷಿ ಬೇರೆ.

ಕಣ್ಣು ಎಡಕ್ಕೆ ಬಲಕ್ಕೆ ಚೆನ್ನಾಗಿ ಆಡಿತು. ಮೇಲೆ ಕೆಳಗೆ ಮಾಡಿದರೆ ಅದೂ ಪರವಾಗಿಲ್ಲ. ಆದರೆ ಎಡಕ್ಕೆ ನೋಡುತ್ತಾ ಮೇಲೆ ನೋಡು ಅಂದ ಕೂಡಲೇ ಸಿಕ್ಕಿಹಾಕಿಕೊಂಡಿತು. ಸರ್ವೋ ಮೋಟರ್ ಜುಯ್ ಅಂತ ಕಿರುಚಿತು, ಒಳಗಿನ ಪ್ಲಾಸ್ಟಿಕ್ ಗೇರಿನ ಹಲ್ಲು ಮುರಿಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾವೂ ಮೋಟರ್ ಸರಿ ಇಲ್ಲ ಅಂದ್ವಿ. ಇನ್ನೊಂದು ಹಾಕಿದ್ವಿ, ಅದೂ ಹೋಯಿತು. ಮೂರನೆಯದು ಹೋದ ಮೇಲೆ ನಮ್ಮ ಜಾಣ ಒಬ್ಬ ತೂತುಗಳನ್ನೇ ಡ್ರಿಲ್ ಹಾಕಿ ದೊಡ್ಡದು ಮಾಡಿದ. ಈಗ ಸಿಕ್ಕಿಕೊಳ್ಳಲಿಲ್ಲ. ಆದರೆ ಆನೆ ಎರಡು ಕ್ವಾರ್ಟರ್ ಹಾಕಿದ ಹಾಗೆ ಕಣ್ಣು ತೇಲಿಸುತ್ತಿತ್ತು.

ಆ ಭಾನುವಾರ ನಾವೆಲ್ಲ ಅನುಗೊಂಡನಹಳ್ಳಿಗೆ ಹೋದ್ವಿ. ಹೊಸಕೋಟೆ ತಾಲ್ಲೂಕಿನ ಹೋಬಳಿ ಅದು, ನಮ್ಮ ನಾಲ್ವರಲ್ಲಿ ಒಬ್ಬನ ಊರು. ಮುದ್ದೆ ಊಟ ಮಾಡಿ ಅವರ ಮನೆಯ ಜಗಲಿಯ ಮೇಲೆ ಕಣ್ಣನ್ನು ಇಟ್ಟುಕೊಂಡು ಗುದ್ದಾಡುತ್ತಾ ಕೂತಿದ್ದಾಗ, ಅವನು ಮಾವ ಅಂತ ಕರೆಯುವವರೊಬ್ಬರು ಬಂದರು. ಟ್ರ್ಯಾಕ್ಟರ್ ರಿಪೇರಿ ಮಾಡುವವರು. ಸ್ವಲ್ಪ ಹೊತ್ತು ನಿಂತು ನೋಡಿದರು.

“ಏನ್ರಪ್ಪಾ ಇದು, ಹಿಂಗೆ ಕೊಸರಾಡ್ತೈತೆ?”

“ಆನೆ ಕಣ್ಣು ಅಂಕಲ್. ಎರಡು ಸರ್ವೋ ಇದೆ, ಒಂದೊಂದಕ್ಕೆ ಒಂದು ಪುಶ್ ರಾಡ್. ರೆವಲ್ಯೂಟ್ ಪೇರ್...” ಅಂತ ಶುರು ಮಾಡಿದ ನಮ್ಮ ಬಾಯಿ ಅಲ್ಲಿಗೇ ನಿಂತಿತು. ಮುಂದಕ್ಕೆ ಕನ್ನಡದಲ್ಲಿ ಹೇಳೋದು ಹೇಗೆ ಅಂತ ಗೊತ್ತಾಗಲಿಲ್ಲ.

ಅವರಿಗೆ ನಮ್ಮ ವಿವರಣೆ ಬೇಕಾಗಿರಲಿಲ್ಲ. ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡಿದರು. “ಕಣ್ಣಿಗೆ ಎರಡು ಕಡೆ ಆಡೋ ಕೆಲ್ಸ ಐತೆ. ನೀವು ಒಂದೇ ಕಡೆ ಆಡೋ ಬೋಲ್ಟು ಹಾಕಿದೀರ. ಸಿಕ್ಕಾಕ್ಕೊಳ್ದೆ ಇನ್ನೇನ್ ಮಾಡ್ತದೆ?” ಅಂದರು. ಆಮೇಲೆ ತಮ್ಮ ಶೆಡ್ಡಿಗೆ ಕರೆದುಕೊಂಡು ಹೋಗಿ ಒಂದು ಹಳೇ ಟೈರಾಡ್ ಎಂಡ್ ಕೈಗೆ ಕೊಟ್ಟರು. ಗ್ರೀಸ್ ಮೆತ್ತಿದ ಒಂದು ಗುಂಡು, ಅದನ್ನು ಹಿಡಿದಿರುವ ಒಂದು ಬಟ್ಟಲು. ಸ್ಟಿಯರಿಂಗ್ ತಿರುಗಿದಾಗ ಚಕ್ರ ಪಕ್ಕಕ್ಕೂ ಹೋಗಬೇಕು, ಗುಂಡಿಗೆ ಬಿದ್ದಾಗ ಮೇಲೆ ಕೆಳಗೂ ಆಗಬೇಕು, ಎರಡನ್ನೂ ಈ ಒಂದು ಗುಂಡು ತಾಳಿಕೊಳ್ಳುತ್ತೆ. “ಇದರ ಮರಿ ಎಲ್ಲಾರ ಸಿಗ್ತದಾ ನೋಡ್ರಿ” ಅಂದರು. ಆ ಮರಿಯ ಹೆಸರೇ ಬಾಲ್ ಲಿಂಕ್. ನಾವು ಪಟ್ಟಿಯಿಂದ ಹೊಡೆದು ಹಾಕಿದ್ದ ಸಾಮಾನು.

ಹೊರಡುವಾಗ ಅವರು ಸಹಜವಾಗಿಯೇ ಕೇಳಿದರು: “ಕಾಲೇಜಲ್ಲಿ ಇದ್ನೆಲ್ಲ ಹೇಳ್ಕೊಡಲ್ವಾ?”

ಈ ಲೇಖನ ಬರೆಯುತ್ತಿರೋದು ಆ ಪ್ರಶ್ನೆಗೆ. ಹೇಳಿಕೊಡ್ತಾರೆ. ಅದೇ ನಾಚಿಕೆ. ಗ್ರೂಬ್ಲರ್, ಕುಟ್ಜ್‌ಬ್ಯಾಕ್ ಸೂತ್ರಗಳನ್ನು ಬೋರ್ಡಿನ ಮೇಲೆ ಬರೆಸಿದ್ದಾರೆ. ನಮ್ಮಲ್ಲಿಬ್ಬರಿಗೆ ಇಂಟರ್ನಲ್ಸ್‌ನಲ್ಲಿ ಆ ಪ್ರಶ್ನೆಗೆ ಫುಲ್ ಮಾರ್ಕ್ಸ್ ಕೂಡ ಬಂದಿತ್ತು. ಆದರೆ ಕೈಯಲ್ಲೇ ಇದ್ದ ಯಂತ್ರದ ಮೇಲೆ ಆ ಸೂತ್ರವನ್ನು ಹಾಕಿ ನೋಡಬೇಕು ಅಂತ ಒಬ್ಬರಿಗೂ ಹೊಳೆಯಲಿಲ್ಲ.

ಬಸ್ಸಿನಲ್ಲಿ ವಾಪಸ್ ಬರುವಾಗ ಹಾಕಿ ನೋಡಿದ್ವಿ. ನೀವೂ ನಮ್ಮ ಜೊತೆ ಹಾಕಿ, ಇಸಿ ಸಿಎಸ್‌ನವರೂ ಹಾಕಬಹುದು, ಕೂಡೋದು ಕಳೆಯೋದು ಬಿಟ್ಟರೆ ಏನೂ ಇಲ್ಲ. ಗಾಳಿಯಲ್ಲಿ ಬಿಡಿಯಾಗಿ ತೇಲುವ ಯಾವುದೇ ತುಂಡಿಗೆ 6 ಬಗೆಯ ಚಲನೆ: ಮೂರು ದಿಕ್ಕಿಗೆ ಸರಿಯೋದು, ಮೂರು ಅಕ್ಷದ ಸುತ್ತ ತಿರುಗೋದು. ಪ್ರತಿಯೊಂದು ಕೀಲು ಇವುಗಳಲ್ಲಿ ಕೆಲವನ್ನು ಕಿತ್ತುಕೊಳ್ಳುತ್ತೆ. ನಮ್ಮ ಒಂದು ಕಣ್ಣಿನಲ್ಲಿ ರೆಪ್ಪೆ ಬಿಟ್ಟರೆ 6 ತುಂಡು: ಫ್ರೇಮ್, ಕಣ್ಣುಗುಡ್ಡೆ, ಎರಡು ಸರ್ವೋ ತೋಳು, ಎರಡು ತಳ್ಳುಕಡ್ಡಿ. ಫ್ರೇಮ್ ಅಲ್ಲಾಡೋದಿಲ್ಲ. ಉಳಿದ 5 ತುಂಡಿಗೆ ಆರಾರು, ಒಟ್ಟು 30. ಕಣ್ಣುಗುಡ್ಡೆಯ ಹಿಂದೆ ಇರೋದು ಯೂನಿವರ್ಸಲ್ ಜಾಯಿಂಟ್, ಅದು 2 ಬಿಟ್ಟು 4 ಕಿತ್ತುಕೊಳ್ಳುತ್ತೆ. ಎರಡು ಸರ್ವೋ ಶಾಫ್ಟು ಒಂದೊಂದಕ್ಕೆ 5, ಅಂದರೆ 10. ಕಡ್ಡಿಗಳ ನಾಲ್ಕು ತುದಿಗೆ ನಾವು ಹಾಕಿದ ಬೋಲ್ಟು, ಒಂದೊಂದಕ್ಕೆ 5, ಅಂದರೆ 20. ಒಟ್ಟು 34. 30ರಲ್ಲಿ 34 ಕಳೆದರೆ ಮೈನಸ್ 4. ಸೂತ್ರ ಹೇಳುತ್ತಿರೋದು ಇಷ್ಟೇ: ಇದು ಆಡೋದಿಲ್ಲ. ಆಡಿದಷ್ಟು ಆಡಿದ್ದು ತೂತು ಸಡಿಲ ಇದ್ದದ್ದರಿಂದ.

ಈಗ ಬೋಲ್ಟಿನ ಜಾಗಕ್ಕೆ ಬಾಲ್ ಜಾಯಿಂಟ್ ಹಾಕಿ. ಅದು ಮೂರು ಕಡೆಗೂ ತಿರುಗಲು ಬಿಡುತ್ತೆ, ಕಿತ್ತುಕೊಳ್ಳೋದು 3 ಮಾತ್ರ. ನಾಲ್ಕು ತುದಿಗೆ 12. ಒಟ್ಟು 26. 30ರಲ್ಲಿ 26 ಹೋದರೆ 4. ಅದರಲ್ಲಿ 2 ಚಲನೆ ಕಡ್ಡಿಗಳು ತಮ್ಮಷ್ಟಕ್ಕೆ ತಾವು ಸುತ್ತಿಕೊಳ್ಳೋದು, ಅದರಿಂದ ಯಾರಿಗೂ ತೊಂದರೆ ಇಲ್ಲ. ಉಳಿದದ್ದು 2. ಎಡ-ಬಲ, ಮೇಲೆ-ಕೆಳಗೆ. ಎರಡು ಮೋಟರಿಗೆ ಎರಡು ಚಲನೆ, ಲೆಕ್ಕ ಚುಕ್ತಾ. ಎರಡು ನಿಮಿಷದ ಈ ಲೆಕ್ಕ ಹಾಕದೆ ನಾವು ಕಳೆದುಕೊಂಡದ್ದು ಮೂರು ಸರ್ವೋ ಮತ್ತು ಹತ್ತು ದಿನ.

ಪಾಠ ಇಲ್ಲಿಗೇ ಮುಗಿಯಲಿಲ್ಲ. ಬಾಲ್ ಜಾಯಿಂಟಿನ ಮೇಲೆ ಭಕ್ತಿ ಜಾಸ್ತಿಯಾಗಿ, ಎರಡನೇ ಕಣ್ಣಿನಲ್ಲಿ ಕಣ್ಣುಗುಡ್ಡೆಯ ಹಿಂದೆಯೂ ಅದನ್ನೇ ಕೂರಿಸಿದ್ವಿ. ಪ್ರಿಂಟ್ ಮಾಡೋದು ಸುಲಭ ಅಂತ. ಆ ಕಣ್ಣು ಎಲ್ಲ ಕಡೆ ನೋಡಿತು, ಜೊತೆಗೆ ತನ್ನಷ್ಟಕ್ಕೆ ಗುಂಡಗೂ ಸುತ್ತಿತು. ನಾವು ಪೇಂಟ್ ಮಾಡಿದ್ದ ಕೆಂಪು ನರಗಳು ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತಿದ್ದವು. ಮತ್ತೆ ಲೆಕ್ಕ: ಗುಡ್ಡೆಯ ಹಿಂದೆ 4ರ ಬದಲು 3 ಮಾತ್ರ ಕಿತ್ತರೆ ಒಟ್ಟು 25, ಉಳಿಯೋದು 5. ಕಡ್ಡಿಗಳ 2 ಬಿಟ್ಟರೆ 3. ಮೋಟರು ಎರಡೇ, ಚಲನೆ ಮೂರು. ಮೂರನೆಯದಕ್ಕೆ ಯಜಮಾನ ಇಲ್ಲ. ಯೂನಿವರ್ಸಲ್ ಜಾಯಿಂಟ್ ವಾಪಸ್ ಹಾಕಿದ್ವಿ, ಸುತ್ತೋದು ನಿಂತಿತು.

ಇಷ್ಟೆಲ್ಲ ಆದ ಮೇಲೆ ನಮ್ಮ ಅಭಿಪ್ರಾಯ ಹೇಳ್ತೀವಿ. ಯಾವುದೇ ಯಾಂತ್ರಿಕ ಪ್ರಾಜೆಕ್ಟಿನಲ್ಲಿ ಮೊದಲು ಆಗಬೇಕಾದ ಕೆಲಸ ಪ್ರಿಂಟ್ ಅಲ್ಲ, ಕೋಡ್ ಅಲ್ಲ. ಎಲ್ಲೆಲ್ಲಿ ಕೀಲಿದೆ, ಯಾವ ಜಾತಿಯ ಕೀಲು ಅಂತ ಗುರುತಿಸೋದು. ಅದು ಬರದೆ ಮಾಡಿದ ಕಾಪಿ, ಅರ್ಥ ಗೊತ್ತಿಲ್ಲದೆ ಬಾಯಿಪಾಠ ಮಾಡಿದ ಶ್ಲೋಕದ ಹಾಗೆ. ಒಂದು ಅಕ್ಷರ ತಪ್ಪಿದರೂ ತಪ್ಪಿದ್ದು ಗೊತ್ತಾಗೋದಿಲ್ಲ.

ಗುರುತಿಸೋದು ಕಷ್ಟವೇನಲ್ಲ. ಭಾಗವನ್ನು ಬೆರಳಲ್ಲಿ ಹಿಡಿದು ಮೂರು ಪ್ರಶ್ನೆ ಕೇಳಿ. ಬರೀ ಒಂದು ಕಡೆ ಮಡಚುತ್ತಾ? ಹಾಗಿದ್ದರೆ ಬಾಗಿಲ ಬಿಜಾಗರಿಯ ಜಾತಿ. ಕಣ್ಣಿನ ರೆಪ್ಪೆಗಳು, ಸರ್ವೋ ತೋಳು ಎಲ್ಲ ಇದೇ. ಎರಡು ಕಡೆ ಆಡುತ್ತೆ, ಆದರೆ ತಿರುಚಲು ಹೋದರೆ ಬಿಡೋದಿಲ್ವಾ? ಅದು ಯೂನಿವರ್ಸಲ್ ಜಾಯಿಂಟ್, ಪುಸ್ತಕದಲ್ಲಿ ಹುಕ್ಸ್ ಜಾಯಿಂಟ್, ಗ್ಯಾರೇಜಿನಲ್ಲಿ ಬರೀ ‘ಕ್ರಾಸ್’. ಟ್ರ್ಯಾಕ್ಟರಿನಿಂದ ರೋಟವೇಟರಿಗೆ ಹೋಗುವ ಶಾಫ್ಟಿನ ಎರಡೂ ತುದಿಯಲ್ಲಿ ಇದನ್ನು ನೋಡಬಹುದು. ಮಡಚುತ್ತೆ, ತಿರುಚಿದರೆ ತಿರುಚಿಕೊಳ್ಳುತ್ತೆ ಕೂಡ ಅಂದರೆ ಬಾಲ್ ಜಾಯಿಂಟ್, ನಮ್ಮ ತೊಡೆ ಸೊಂಟಕ್ಕೆ ಸೇರುವ ಜಾಗದಲ್ಲಿ ಇರುವಂಥದ್ದು. ಅನಿಮ್ಯಾಟ್ರಾನಿಕ್ ಕಣ್ಣಿನಲ್ಲಿ ಮುಖ್ಯವಾಗಿ ಇರೋದು ಈ ಮೂರೇ. ವಿಡಿಯೋದಲ್ಲಿ ಯಾವುದೇ ಯಂತ್ರದ ಕಣ್ಣು ನೋಡಿದರೂ ಇನ್ನು ಮೇಲೆ ಈ ಮೂರು ಪ್ರಶ್ನೆ ಕೇಳಿ ಊಹಿಸಿ ನೋಡಿ, ಒಳ್ಳೆ ಆಟ ಅದು.

ಇದಕ್ಕೆ ನಮ್ಮ ಹಾಸ್ಟೆಲಿನಲ್ಲೇ ಎರಡು ಆಕ್ಷೇಪ ಬಂದವು. ಮೊದಲನೆಯದು: “ತೂತು ದೊಡ್ಡದು ಮಾಡಿದಾಗ ಕೆಲಸ ಮಾಡ್ತಿತ್ತಲ್ಲ, ಒಂದು ದಿನದ ಶೋಗೆ ಅಷ್ಟು ಸಾಕು.” ಮಾತು ಪೂರ್ತಿ ಸುಳ್ಳಲ್ಲ. ಸಡಿಲ ಬೇಕೇ ಬೇಕು, ಸ್ವಲ್ಪವೂ ಸಡಿಲ ಇಲ್ಲದ ಕೀಲು ತಿರುಗೋದೇ ಇಲ್ಲ. ಆದರೆ ಕೀಲು ತಿರುಗಲು ಬಿಡುವ ಸಡಿಲ ಬೇರೆ, ತಪ್ಪನ್ನು ಮುಚ್ಚಿಹಾಕುವ ಸಡಿಲ ಬೇರೆ. ಎರಡನೆಯದು ದಿನ ದಿನಕ್ಕೆ ಸವೆದು ಇನ್ನೂ ದೊಡ್ಡದಾಗುತ್ತೆ. ಇವತ್ತು ಒಂದು ದಿನದ ಆನೆ, ನಾಳೆ ಕೆಲಸಕ್ಕೆ ಸೇರಿದ ಮೇಲೆ ಹತ್ತು ವರ್ಷ ಓಡಬೇಕಾದ ಬಸ್ಸಿನ ಸ್ಟಿಯರಿಂಗ್. ಡ್ರಿಲ್ ಹಾಕುವ ಅಭ್ಯಾಸ ಇಲ್ಲೇ ಬಿಡೋದು ಒಳ್ಳೆಯದು.

ಎರಡನೆಯದು: “ಹಾಗಾದರೆ ಡೌನ್‌ಲೋಡ್ ಮಾಡಲೇಬಾರದಾ?” ನಾವು ಹಾಗೆ ಹೇಳ್ತಿಲ್ಲ. ಕಾಪಿ ಮಾಡದೆ ಕಲಿತವರು ಯಾರಿದ್ದಾರೆ? ನಮ್ಮ ತೊಗಲುಗೊಂಬೆ ನೋಡಿ. ಭುಜ, ಮೊಣಕೈ ಇರುವ ಕಡೆ ಎರಡು ತೊಗಲಿನ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ದಾರದ ಗಂಟು ಹಾಕ್ತಾರೆ. ಆ ಗಂಟೇ ಕೀಲು, ಒಂದು ಕಡೆ ಮಾತ್ರ ಆಡುವ ಕೀಲು. ಪರದೆಯ ಮೇಲೆ ನೆರಳು ಬೀಳೋದು ಒಂದೇ ಸಮತಲದಲ್ಲಿ, ಅದಕ್ಕೆ ಅಷ್ಟೇ ಬೇಕು, ಅಷ್ಟೇ ಇದೆ. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆ ಕಲೆ ಮನೆತನದಲ್ಲಿ ಒಬ್ಬರಿಂದ ಒಬ್ಬರಿಗೆ ಬಂದದ್ದು, ಹಿಂದಿನವರನ್ನು ನೋಡಿ ಮುಂದಿನವರು ಕಲಿತದ್ದು. ಅದೂ ಕಾಪಿಯೇ. ಆದರೆ ಗೊಂಬೆಯ ಗಂಟು ಕಿತ್ತುಹೋದರೆ ಎಲ್ಲಿ, ಹೇಗೆ ಕಟ್ಟಬೇಕು ಅಂತ ಆಡಿಸುವವರಿಗೆ ಗೊತ್ತಿರುತ್ತೆ. ನಮ್ಮ ಕಣ್ಣು ಕೆಟ್ಟಾಗ ನಮಗೆ ಗೊತ್ತಿರಲಿಲ್ಲ. ವ್ಯತ್ಯಾಸ ಇರೋದು ಅಲ್ಲಿ.

ಇನ್ನು ಭಾಷೆಯ ವಿಷಯ. ಇದು ಕನ್ನಡ ಸಂಘದ ಪತ್ರಿಕೆ, ಹೇಳದೆ ಬಿಟ್ಟರೆ ತಪ್ಪಾಗುತ್ತೆ. ನಾಲ್ವರಲ್ಲಿ ಮೂವರು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ‘ಕೀಲು’ ಅಂದರೆ ಅಜ್ಜಿ ಮೊಣಕಾಲು ನೋವು ಅಂದಾಗ ಬರುವ ಪದ ಅಷ್ಟೇ ಅಂದುಕೊಂಡಿದ್ವಿ. ಅನುಗೊಂಡನಹಳ್ಳಿಯ ನಮ್ಮ ಗೆಳೆಯ ಕನ್ನಡ ಮೀಡಿಯಂ. ಶೆಡ್ಡಿನಲ್ಲಿ ನಾವು ತಡವರಿಸುತ್ತಿದ್ದಾಗ, “ಮಾವ, ಇವ್ರು ಹೇಳ್ತಿರೋದು ಬಿಜಾಗರಿ ಥರ ಕೀಲು” ಅಂತ ಒಂದೇ ಮಾತಿನಲ್ಲಿ ಮುಗಿಸಿದವನು ಅವನೇ. ಫಸ್ಟ್ ಇಯರಿನಲ್ಲಿ ಅವನು ಪ್ರಶ್ನೆ ಕೇಳಲು ಹಿಂಜರಿಯುತ್ತಿದ್ದಾಗ ಅವನಿಗೆ ಸಬ್ಜೆಕ್ಟ್ ಬರೋದಿಲ್ಲ ಅಂದುಕೊಂಡವರು ನಾವು. ಬರದೆ ಇದ್ದದ್ದು ಯಾರಿಗೆ ಅಂತ ಆವತ್ತು ಗೊತ್ತಾಯಿತು. ಇದನ್ನು ಅವನ ಒಪ್ಪಿಗೆ ತೆಗೆದುಕೊಂಡೇ ಬರೆಯುತ್ತಿದ್ದೀವಿ.

ಆಮೇಲೆ ಯೋಚನೆ ಮಾಡಿದರೆ ಕೀಲು ನಮ್ಮ ಮಾತಿನ ತುಂಬ ಇದೆ. ಕೀಲುಗೊಂಬೆ, ಕೀಲುಕುದುರೆ, ಬಂಡಿಯ ಕಡೆಗೀಲು. ಚಕ್ರ ಅಚ್ಚಿನಿಂದ ಕಳಚಿ ಹೋಗದಂತೆ ತಡೆಯುವ ಆ ಕಡೆಗೀಲು ವಚನಗಳಲ್ಲೇ ಬಂದಿದೆ. ಹಾಗಂತ ಯೂನಿವರ್ಸಲ್ ಜಾಯಿಂಟಿಗೆ ಕೂತು ಹೊಸ ಸಂಸ್ಕೃತ ಪದ ಹುಟ್ಟಿಸಿ ಅಂತ ನಾವು ಕೇಳ್ತಿಲ್ಲ. ಸಂಘದಲ್ಲಿ ಕೆಲವರು ಅದನ್ನು ಬಯಸ್ತಾರೆ, ಅವರ ಜೊತೆ ನಮಗೆ ಜಗಳ ಇಲ್ಲ, ಒಪ್ಪಿಗೆಯೂ ಇಲ್ಲ. ಗ್ಯಾರೇಜಿನವರು ಕ್ರಾಸ್ ಅಂತಾರೆ, ಟೈರಾಡ್ ಎಂಡ್ ಅಂತಾರೆ. ಅವೂ ಈಗ ಕನ್ನಡವೇ. ಪದ ಎಲ್ಲಿಂದ ಬಂತು ಅನ್ನೋದಕ್ಕಿಂತ, ಆ ಪದ ಇಟ್ಟುಕೊಂಡು ಪುಸ್ತಕದವರೂ ಗ್ಯಾರೇಜಿನವರೂ ಮಾತಾಡಲು ಆಗುತ್ತಾ ಅನ್ನೋದು ಮುಖ್ಯ. ನಮ್ಮ ಕೈಯಲ್ಲಿ ಸೂತ್ರ ಇತ್ತು, ಅವರ ಕೈಯಲ್ಲಿ ಕೀಲು ಇತ್ತು. ನಡುವೆ ಮಾತು ಇರಲಿಲ್ಲ. ಮಾತು ಇದ್ದಿದ್ದರೆ ನಾವು ಹತ್ತು ದಿನ ಮುಂಚೆಯೇ ಅಲ್ಲಿಗೆ ಹೋಗಿ ಕೇಳುತ್ತಿದ್ವಿ.

ಕೊನೆಗೆ ನಮ್ಮ ಬೇಡಿಕೆ, ದೊಡ್ಡದೇನಲ್ಲ. ಒಂದು, ಪ್ರಾಜೆಕ್ಟ್ ರಿವ್ಯೂನಲ್ಲಿ ಪಿಪಿಟಿ ತೆರೆಯುವ ಮೊದಲು ಮೇಷ್ಟ್ರು ಒಂದೇ ಪ್ರಶ್ನೆ ಕೇಳಲಿ: ಎಷ್ಟು ಕೀಲು, ಯಾವ ಯಾವ ಕೀಲು, ಲೆಕ್ಕ ಎಷ್ಟು ಬಂತು? ಉತ್ತರ ಇಲ್ಲದವರಿಗೆ ಪ್ರಿಂಟರ್ ಕೊಡಬೇಡಿ, ನಮಗೂ ಸೇರಿಸಿ. ಎರಡು, ಲ್ಯಾಬಿನ ಮೂಲೆಯಲ್ಲಿ ಒಂದು ‘ಕೀಲು ಮೇಜು’ ಇರಲಿ. ಹಳೇ ಬಿಜಾಗರಿ, ಮುರಿದ ಛತ್ರಿ, ಸ್ಕೂಟರಿನ ಕನ್ನಡಿಯ ಕಾಂಡ, ಟ್ರ್ಯಾಕ್ಟರಿನ ಕ್ರಾಸ್. ಪ್ರತಿಯೊಂದರ ಪಕ್ಕ ಒಂದು ಚೀಟಿ: ಪುಸ್ತಕದ ಹೆಸರು, ಗ್ಯಾರೇಜಿನ ಹೆಸರು, ಮನೆಯಲ್ಲಿ ಕರೆಯುವ ಹೆಸರು, ಎಷ್ಟು ಚಲನೆ ಬಿಡುತ್ತೆ. ಬಂದವರು ಕೈಯಲ್ಲಿ ಹಿಡಿದು ಆಡಿಸಿ ನೋಡಲಿ. ಖರ್ಚು ಏನಿಲ್ಲ, ಎಲ್ಲ ಗುಜರಿ ಸಾಮಾನು.

ಆನೆಯ ಕಥೆ ಏನಾಯ್ತು ಅಂತ ಕೇಳ್ತೀರ. ಹಬ್ಬದ ದಿನ ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಎರಡೂ ಕಣ್ಣು ಆಡಿದವು, ಒಂದು ಸರ್ವೋ ಕೂಡ ಹೋಗಲಿಲ್ಲ. ಎಡಗಣ್ಣಿನ ಕೆಳ ರೆಪ್ಪೆ ಮಾತ್ರ ಪೂರ್ತಿ ಮುಚ್ಚುತ್ತಿರಲಿಲ್ಲ, ಅದು ನಾವು ಅಳತೆ ತಪ್ಪಿದ್ದು. ಅನುಗೊಂಡನಹಳ್ಳಿಯ ಅವರನ್ನೂ ಕರೆದಿದ್ವಿ. ಬಿತ್ತನೆ ಸಮಯ, ರಿಪೇರಿ ಗಾಡಿಗಳು ಸಾಲಾಗಿ ನಿಂತಿವೆ, ಬರಲು ಆಗೋದಿಲ್ಲ ಅಂದರು. ವಿಡಿಯೋ ಕಳಿಸಿದ್ವಿ. “ರೆಪ್ಪೆ ಯಾಕೋ ಪೂರಾ ಮುಚ್ಚಲ್ಲ, ಕಡ್ಡಿ ಉದ್ದ ಆಗೈತೆ ನೋಡ್ರಿ” ಅಂತ ವಾಯ್ಸ್ ನೋಟ್ ಬಂತು. ನೋಡಿದ್ವಿ. ಕಡ್ಡಿ ಮೂರು ಮಿಲಿಮೀಟರ್ ಉದ್ದ ಇತ್ತು.

ಕೀಲು ಮೇಜಿಗೆ ಮೊದಲ ಸಾಮಾನಾಗಿ ಅವರು ಕೊಟ್ಟ ಟೈರಾಡ್ ಎಂಡನ್ನು ಇಡ್ತಾ ಇದ್ದೀವಿ. ನಿಮ್ಮ ಮನೆಯಲ್ಲಿ, ನಿಮ್ಮ ಊರಿನ ಗ್ಯಾರೇಜಿನಲ್ಲಿ ಸಿಕ್ಕ ಯಾವ ಕೀಲಾದರೂ ತಂದು ಕೊಡಿ. ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಅಲ್ಲಿ ಏನಂತ ಕರೆಯುತ್ತಾರೆ ಅಂತ ಒಂದು ಮಾತು ಕೇಳಿಕೊಂಡು ಬನ್ನಿ.